ಹತ್ತು ಅಡಿ ಕೋಣೆಯಲ್ಲಿ ಸಬ್‌ವೂಫರ್ ಎಲ್ಲಿಡಬೇಕು?

ಹೊಸೂರಿನ ಬಾಡಿಗೆ ಮನೆಗಳಲ್ಲಿ ಕಂಪ್ಯೂಟರ್ ಮೇಜಿಗೆ ಸಿಗುವುದು ಸಾಮಾನ್ಯವಾಗಿ ಒಂದು ಮೂಲೆ. 2.1 ಸ್ಪೀಕರ್ ಸೆಟ್ ತಂದವರು ಪುಟ್ಟ ಸ್ಪೀಕರುಗಳನ್ನು ಮಾನಿಟರಿನ ಎರಡು ಪಕ್ಕ ನಿಲ್ಲಿಸಿ, ಸಬ್‌ವೂಫರನ್ನು ಆ ಮೂಲೆಯೊಳಕ್ಕೆ ತಳ್ಳುತ್ತಾರೆ. ಆಮೇಲೆ ಯಾವ ಹಾಡು ಹಾಕಿದರೂ ಒಂದೇ ಗುಂಯ್‌ಗುಡುವಿಕೆ. ಹೊಸ ಸೆಟ್ ಕೊಳ್ಳುವ ಯೋಚನೆ ಮಾಡುವ ಮೊದಲು ಜಾಗ ಬದಲಿಸಿ ನೋಡಿ.

ಇದಕ್ಕೆ ಕಾರಣ ಕೋಣೆಯ ಅಳತೆ. ಹತ್ತು ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಸದ್ದು ಹೋಗಿ ಬಂದು ಉಬ್ಬುತ್ತದೆ. ಹನ್ನೆರಡು ಅಡಿಯಾದರೆ ಸುಮಾರು 47. ತಾರಸಿಯ ಎತ್ತರವೂ ಹತ್ತೇ ಅಡಿ ಇದ್ದರೆ ಅದೇ 56 ಇನ್ನೊಂದು ಪಾಲು ಉಬ್ಬುತ್ತದೆ. ಬೇಸ್ ಗಿಟಾರಿನ ಎ ತಂತಿಯ ಸ್ವರ 55 ಹರ್ಟ್ಸ್! ಆ ಒಂದು ಸ್ವರ ಮಾತ್ರ ಅಬ್ಬರಿಸಿ, ಅಕ್ಕಪಕ್ಕದವು ಸೊರಗುವುದು ಹೀಗೆ. ಮೂಲೆಯಲ್ಲಿಟ್ಟ ಸಬ್‌ವೂಫರ್ ಇಂಥ ಎಲ್ಲ ಉಬ್ಬುಗಳನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಕಾಂಕ್ರೀಟ್ ಗೋಡೆ, ಗ್ರಾನೈಟ್ ನೆಲ ಬೇಸನ್ನು ಹೀರುವುದಿಲ್ಲ, ಹಾಗೇ ಹಿಂದಕ್ಕೆ ಎಸೆಯುತ್ತವೆ. ತಳಿ, ಡೆಂಕಣಿಕೋಟೆ ಕಡೆಯ ಹೆಂಚಿನ ಮನೆಗಳಲ್ಲಿ ಬೇಸ್ ಸೂರಿನಿಂದ ಆಚೆ ಸೋರಿಹೋಗುವುದರಿಂದ ಈ ತೊಂದರೆ ಕಡಿಮೆ. ಶೀಟಿನ ಮನೆಯಾದರೆ ಶೀಟೇ ಗಡಗಡ ಅನ್ನುತ್ತದೆ.

ಹಂತ 1: ಮೊದಲು ಕುರ್ಚಿಯ ಜಾಗ ಗೊತ್ತುಮಾಡಿ. ಕೋಣೆಯ ನಟ್ಟನಡುವೆ ಕೂರಬೇಡಿ. ಮೇಲೆ ಹೇಳಿದ ಸದ್ದುಗಳು ಅಲ್ಲಿ ಬಹುಪಾಲು ಮಾಯವಾಗುತ್ತವೆ.

ಹಂತ 2: ಸಬ್‌ವೂಫರನ್ನು ಆ ಕುರ್ಚಿಯ ಮೇಲೆ ಕೂರಿಸಿ. ಬೇಸ್ ಗಿಟಾರ್ ಸ್ವರದಿಂದ ಸ್ವರಕ್ಕೆ ನಡೆಯುವ ಹಾಡೊಂದನ್ನು ಹಾಕಿ. ಇಳಯರಾಜ ಸಂಗೀತ ನೀಡಿದ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಬರೀ ಧಡಧಡ ಅನ್ನುವ ಹಾಡು ಬೇಡ. ಅದು ಎಲ್ಲಿಟ್ಟರೂ ಚೆನ್ನಾಗಿಯೇ ಕೇಳಿಸಿ ಮೋಸ ಮಾಡುತ್ತದೆ.

ಹಂತ 3: ಈಗ ನೆಲಕ್ಕೆ ಮಂಡಿಯೂರಿ, ವೈರ್ ಮತ್ತು ಪ್ಲಗ್ ಎಟುಕುವ ಜಾಗಗಳಲ್ಲೆಲ್ಲ ಕಿವಿಯನ್ನು ಸಬ್‌ವೂಫರ್ ನಿಲ್ಲುವ ಎತ್ತರಕ್ಕೆ ತಂದು ಕೇಳುತ್ತ ಸರಿಯಿರಿ. ಒಂದು ಕಡೆ ಗುಂಯ್‌ಗುಡುತ್ತದೆ, ಇನ್ನೊಂದು ಕಡೆ ಬೇಸೇ ಇಲ್ಲ. ಪ್ರತಿ ಸ್ವರವೂ ಸಮವಾಗಿ, ಬಿಡಿಬಿಡಿಯಾಗಿ ಕೇಳುವ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಸಬ್‌ವೂಫರ್ ಮತ್ತು ಕಿವಿ ಜಾಗ ಅದಲುಬದಲು ಮಾಡಿಕೊಂಡರೂ ಕೋಣೆ ಒಂದೇ ರೀತಿ ವರ್ತಿಸುತ್ತದೆ, ಆದ್ದರಿಂದ ಈ ಉಪಾಯ ಫಲಿಸುತ್ತದೆ.

ಹಂತ 4: ಗುರುತುಗಳಲ್ಲಿ ಮೇಜಿನ ಮುಂಭಾಗಕ್ಕೆ ಹತ್ತಿರವಿರುವುದನ್ನು ಆರಿಸಿ, ಸಬ್‌ವೂಫರನ್ನು ಕುರ್ಚಿಯಿಂದ ಇಳಿಸಿ ಅಲ್ಲಿಡಿ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ತಿಳಿಯುವುದಿಲ್ಲ, ನಿಜ. ಆದರೆ ಚಿಕ್ಕ ಸೆಟ್ಟುಗಳ ಸಬ್‌ವೂಫರ್ ಅದಕ್ಕಿಂತ ಮೇಲಿನ ಸದ್ದನ್ನೂ ಹೊರುತ್ತದೆ. ಅದನ್ನು ಬೆನ್ನ ಹಿಂದೆ ಇಟ್ಟರೆ ಗಾಯಕನ ದನಿಯ ಒಂದು ಪಾಲು ಹಿಂದಿನಿಂದ ಬಂದಂತೆ ಅನಿಸುತ್ತದೆ.

ಹಂತ 5: ಗೋಡೆಯಿಂದ ಒಂದು ಗೇಣಾದರೂ ಜಾಗ ಬಿಡಿ, ಗಾಳಿ ಬರುವ ತೂತು ಹಿಂದುಗಡೆ ಇದ್ದರೆ ಇನ್ನಷ್ಟು. ಮೇಜಿನ ಕಾಲಿಗೆ ತಾಗಿಸಬೇಡಿ, ಮೇಜಿನ ಮೇಲಂತೂ ಬೇಡವೇ ಬೇಡ. ಕೆಳಗೆ ದಪ್ಪ ರಬ್ಬರ್ ತುಂಡು ಹಾಕಿದ ಹಲಗೆ ಇಡಿ. ನೆಲಕ್ಕೆ ನಡುಕ ಇಳಿಯುವುದು ತಗ್ಗುತ್ತದೆ, ನೆಲ ಒರೆಸುವಾಗ ನೀರೂ ತಾಗುವುದಿಲ್ಲ. ಬಹಳಷ್ಟು ಸೆಟ್ಟುಗಳಲ್ಲಿ ಕರೆಂಟಿನ ಭಾಗ ಇರುವುದು ಸಬ್‌ವೂಫರಿನೊಳಗೇ.

ಹಂತ 6: ಕೊನೆಗೆ ಬೇಸ್ ತಿರುಪನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ. ಹಾಡಿಗೆ ಮೈ ತುಂಬಿತು ಅನ್ನಿಸಿದ ಕಡೆ ನಿಲ್ಲಿಸಿ. ಫೇಸ್ ಸ್ವಿಚ್ ಇದ್ದರೆ ಎರಡೂ ಕಡೆ ಒತ್ತಿ, ಕೂತಲ್ಲಿಗೆ ಬೇಸ್ ತುಂಬಿ ಕೇಳುವ ಕಡೆಯನ್ನು ಉಳಿಸಿಕೊಳ್ಳಿ.

ಎರಡು ಮನೆಗೆ ಒಂದೇ ಗೋಡೆ ಇರುವ ಸಾಲುಮನೆಗಳಲ್ಲಿ ಸಬ್‌ವೂಫರ್ ನಿಮ್ಮ ಹತ್ತಿರ, ಆ ಗೋಡೆಯಿಂದ ದೂರ ಇರಲಿ. ಹತ್ತಿರವಿದ್ದಷ್ಟೂ ಕಡಿಮೆ ಸದ್ದು ಸಾಕು. ಸಿಪ್ಕಾಟ್ ಕಾರ್ಖಾನೆಗಳಲ್ಲಿ ನೈಟ್ ಶಿಫ್ಟ್ ಮುಗಿಸಿ ಹಗಲು ಮಲಗುವವರು ಈ ಊರಲ್ಲಿ ಬಹಳ. ಆದ್ದರಿಂದ ಜಾಗ ಗಟ್ಟಿಮಾಡುವ ಮುನ್ನ ಪಕ್ಕದ ಮನೆಯವರನ್ನು ಒಮ್ಮೆ ಕೇಳಿಬನ್ನಿ.