ಬೇರೆ ಮನೆ ಮಾಡೋದು ಪಾಪನಾ?

ಯೌವನಸ್ಥರ ಕೂಟದ ಸಂದೇಶ, ಬರಹ ರೂಪದಲ್ಲಿ
ವಾಕ್ಯಭಾಗ: ಆದಿಕಾಂಡ 2:24, ರೂತಳು 1:6–18, ವಿಮೋಚನಕಾಂಡ 18, ಮಾರ್ಕ 1:29–31

 

ಹೋದ ತಿಂಗಳು ಬಾಗಿಲ ಹತ್ತಿರ ಒಂದು ಡಬ್ಬ ಇಟ್ಟು, ಹೆಸರು ಬರೆಯದೆ ಪ್ರಶ್ನೆ ಹಾಕಿ ಅಂತ ಹೇಳಿದ್ವಿ. ಉದ್ಯೋಗ, ವೀಸಾ, ಮದುವೆ ಬಗ್ಗೆ ಬರುತ್ತೆ ಅಂದ್ಕೊಂಡಿದ್ದೆ. ಬಂದಿದ್ದು ಬೇರೆ. ಒಂದು ಚೀಟಿಯಲ್ಲಿ ಒಬ್ಬ ಸಹೋದರಿ, "ಪಾಸ್ಟರ್, ಬೇರೆ ಮನೆ ಮಾಡೋದು ಪಾಪನಾ?" ಅಂತ ಕೇಳಿದ್ದಾರೆ. ಅಷ್ಟೇ, ಒಂದೇ ಸಾಲು. ಇನ್ನೊಂದು ಚೀಟಿಯಲ್ಲಿ ಒಬ್ಬ ತಮ್ಮ, "ಅಮ್ಮನ ಪರ ಮಾತಾಡಿದ್ರೆ ಹೆಂಡತಿ ಅಳ್ತಾಳೆ, ಹೆಂಡತಿ ಪರ ಮಾತಾಡಿದ್ರೆ ಅಮ್ಮ ಊಟ ಬಿಡ್ತಾರೆ, ನಾನು ಏನು ಮಾಡ್ಲಿ?" ಅಂತ ಬರೆದಿದ್ದಾರೆ. ಇಬ್ಬರೂ ಒಂದೇ ಮನೆಯವರಾ ಗೊತ್ತಿಲ್ಲ. ಇದ್ರೂ ಆಶ್ಚರ್ಯ ಇಲ್ಲ!

ನಮ್ಮ ಕಡೆಯ ಮನೆಗಳು ನಿಮಗೇ ಗೊತ್ತು. ಮೂವತ್ತು–ನಲವತ್ತರ ಸೈಟು. ಕೆಳಗೆ ಅತ್ತೆ–ಮಾವ, ಮೇಲೆ ಮಗ–ಸೊಸೆ, ಅದರ ಮೇಲೆ ಬಾಡಿಗೆಯವರು. ಅಡುಗೆ ಮನೆ ಮಾತ್ರ ಒಂದೇ. ಸೊಸೆ ಮಾನ್ಯತಾ ಟೆಕ್ ಪಾರ್ಕಿನಿಂದ ಹೊರಟು, ಹೆಬ್ಬಾಳದ ಟ್ರಾಫಿಕ್ ದಾಟಿ ಯಲಹಂಕ ಮುಟ್ಟೋ ಹೊತ್ತಿಗೆ ರಾತ್ರಿ ಎಂಟೂವರೆ. ಬಾಗಿಲಲ್ಲೇ ಅತ್ತೆ, "ಇವತ್ತೂ ಲೇಟಾ?" ಅಂತಾರೆ. ಅತ್ತೆ ಮನಸ್ಸಲ್ಲಿ ಇರೋದು, ಊಟ ಆರಿ ಹೋಯ್ತಲ್ಲ ಅನ್ನೋ ಚಿಂತೆ. ಸೊಸೆ ಕಿವಿಗೆ ಬೀಳೋದು ಆರೋಪ. ಎರಡು ಪದ, ಎರಡು ದಿನ ಮಾತಿಲ್ಲ. ನಗಬೇಡಿ, ನಿಮ್ಮ ಮನೆಯಲ್ಲೂ ಇದೆ.

ಹಾಗಾದ್ರೆ ದೇವರ ವಾಕ್ಯ ಏನು ಹೇಳುತ್ತೆ? ನೋಡೋಣ.

1. ಬಿಡಬೇಕಾದವರು ಯಾರು?

ಆದಿಕಾಂಡ 2:24 ತೆರೆಯಿರಿ. ಮದುವೆಗಳಲ್ಲಿ ಎಷ್ಟು ಸಲ ಕೇಳಿದ್ದೀವಿ! ಆದರೆ ಒಂದು ವಿಷಯ ಗಮನಿಸಿದ್ದೀರಾ? ಅಲ್ಲಿ ತಂದೆತಾಯಿಗಳನ್ನು ಬಿಡಬೇಕು ಅಂತ ಹೇಳಿರೋದು ಯಾರಿಗೆ? ಹೆಣ್ಣಿಗಲ್ಲ, ಗಂಡಿಗೆ. ನಮ್ಮಲ್ಲಿ ಏನಾಗುತ್ತೆ? ಹುಡುಗಿ ತವರು ಬಿಡ್ತಾಳೆ, ಊರು ಬಿಡ್ತಾಳೆ, ಕೆಲವೊಮ್ಮೆ ತನ್ನ ಸಭೆಯನ್ನೂ ಬಿಡ್ತಾಳೆ. ಹುಡುಗ ತನ್ನ ರೂಮಿಗೆ ಒಂದು ಬೀರು ಜಾಸ್ತಿ ತರಿಸ್ತಾನೆ. ಅಷ್ಟೇ ಅವನ ಬದಲಾವಣೆ!

ಹಾಗಂತ ಈ ವಾಕ್ಯ "ಮದುವೆಯ ಮಾರನೇ ದಿನ ಬಾಡಿಗೆ ಮನೆ ನೋಡಿ" ಅಂತ ಹೇಳ್ತಾ ಇಲ್ಲ. ಇಸ್ರಾಯೇಲಿನಲ್ಲೂ ದೊಡ್ಡ ಕುಟುಂಬಗಳು ಒಟ್ಟಿಗೇ ಇದ್ದವು. ಬಿಡೋದು ಅಂದ್ರೆ ಬರೀ ವಿಳಾಸ ಬದಲಾಯಿಸೋದಲ್ಲ. ಮುಖ್ಯವಾದ ಮಾತು ಮೊದಲು ಎಲ್ಲಿ ಆಗುತ್ತೆ ಅನ್ನೋದು ಬದಲಾಗೋದು. ಮಗು ಯಾವಾಗ, ಸಾಲ ತಗೋಬೇಕಾ, ಕೆಲಸ ಬಿಡಬೇಕಾ – ಈ ಮಾತು ಮೊದಲು ಗಂಡ ಹೆಂಡತಿ ನಡುವೆ ಆಗಬೇಕು. ಆಮೇಲೆ ಹಿರಿಯರ ಸಲಹೆ. ಸೊಸೆಗೆ ತನ್ನ ಮನೆಯ ನಿರ್ಧಾರ ನಾದಿನಿಯ ಬಾಯಿಂದ ಗೊತ್ತಾಗುತ್ತೆ ಅಂದ್ರೆ, ಆ ಮನೆಯಲ್ಲಿ ಗಂಡ ಇನ್ನೂ ಬಿಟ್ಟಿಲ್ಲ. ಬೇರೆ ಫ್ಲ್ಯಾಟಿನಲ್ಲಿ ಇದ್ದುಕೊಂಡು, ಪ್ರತಿಯೊಂದಕ್ಕೂ ಅಮ್ಮನಿಗೆ ಫೋನ್ ಮಾಡಿ ಕೇಳೋನೂ ಬಿಟ್ಟಿಲ್ಲ.

ನನ್ನದೇ ಸಾಕ್ಷಿ ಹೇಳ್ತೀನಿ. ಇದು ಜಯದ ಸಾಕ್ಷಿ ಅಲ್ಲ, ಸೋಲಿನ ಸಾಕ್ಷಿ. ಮದುವೆಯಾದ ಮೊದಲನೇ ವರ್ಷ, ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಶುರುವಾದ ಮಾತು ನನ್ನ ಹೆಂಡತಿಯ ತಂದೆತಾಯಿ ತನಕ ಹೋಯ್ತು. ನಾನು ಪಕ್ಕದ ಹಾಲಲ್ಲೇ ಇದ್ದೆ. ಏನು ಮಾಡಿದೆ ಗೊತ್ತಾ? ಟಿವಿ ವಾಲ್ಯೂಮ್ ಜಾಸ್ತಿ ಮಾಡಿದೆ. ರಾತ್ರಿ ಅವಳು ಒಂದೇ ಮಾತು ಹೇಳಿದಳು: "ಅತ್ತೆ ಬೈದಿದ್ದು ಮರೆತು ಹೋಗುತ್ತೆ ರೀ. ಟಿವಿ ಸೌಂಡು ಮರೆಯಲ್ಲ." ನಾನು ಅದನ್ನ ಸಮಾಧಾನ ಅಂದ್ಕೊಂಡಿದ್ದೆ. ಅದು ಸಮಾಧಾನ ಅಲ್ಲ, ಹೇಡಿತನ. ಮಾರನೇ ದಿನ ಅಮ್ಮನ ಹತ್ತಿರ ಒಬ್ಬನೇ ಕೂತು, ಕೈ ಹಿಡಿದು, "ಅಡುಗೆ ಬಗ್ಗೆ ಹೇಳಮ್ಮ, ಅವಳ ಅಪ್ಪ ಅಮ್ಮನ ಬಗ್ಗೆ ಬೇಡ" ಅಂದೆ. ಅಮ್ಮ ಅತ್ತರು. ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ಆದರೆ ಆ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ.

ತಮ್ಮಂದಿರೇ, ನಿಮ್ಮ ತಾಯಿ ಹತ್ತಿರ ಕಷ್ಟದ ಮಾತು ಆಡೋದು ನಿಮ್ಮ ಕೆಲಸ. ಅದನ್ನ ಹೆಂಡತಿ ಕೈಲಿ ಆಡಿಸಬೇಡಿ. ಮಗ ಹೇಳಿದ್ರೆ ಅದು ನೋವು, ಸೊಸೆ ಹೇಳಿದ್ರೆ ಅದು ಜಗಳ. ತಂಗಿಯರೇ, ನಿಮ್ಮ ತಾಯಿ ನಿಮ್ಮ ಗಂಡನ ಬಗ್ಗೆ ಹಗುರವಾಗಿ ಮಾತಾಡಿದ್ರೆ, ಅಲ್ಲಿ ಬಾಯಿ ಬಿಡಬೇಕಾದವರು ನೀವು. ಆಮೆನ್ ಹೇಳ್ತೀರಾ?

2. ನೊವೊಮಿ ಬಾಗಿಲು ತೆರೆದಳು

ಈಗ ರೂತಳು 1ನೇ ಅಧ್ಯಾಯ. ನೀನು ಹೋದಲ್ಲಿ ನಾನೂ ಬರ್ತೀನಿ ಅನ್ನೋ ಅರ್ಥದ ರೂತಳ ಮಾತನ್ನ ಮದುವೆ ಕಾರ್ಡುಗಳಲ್ಲಿ ಹಾಕಿಸ್ತಾರೆ. ಆದರೆ ಅದು ಹೆಂಡತಿ ಗಂಡನಿಗೆ ಹೇಳಿದ್ದಲ್ಲ. ಗಂಡ ಸತ್ತ ಮೇಲೆ ಸೊಸೆ ಅತ್ತೆಗೆ ಹೇಳಿದ ಮಾತು!

ಎಲ್ಲರೂ ರೂತಳನ್ನು ನೋಡ್ತಾರೆ. ನಾನು ಇವತ್ತು ನೊವೊಮಿಯನ್ನು ನೋಡಿ ಅಂತೀನಿ. ಅವಳು ವಿಧವೆ. ಇಬ್ಬರು ಗಂಡುಮಕ್ಕಳನ್ನೂ ಕಳ್ಕೊಂಡಿದ್ದಾಳೆ. ವಯಸ್ಸಾಗಿದೆ, ಕೈಯಲ್ಲಿ ಏನೂ ಇಲ್ಲ. ಸೊಸೆಯರನ್ನ ಹಿಡ್ಕೋಬೇಕು ಅನ್ನೋದಕ್ಕೆ ಅವಳಿಗಿಂತ ಹೆಚ್ಚು ಕಾರಣ ಯಾರಿಗಿತ್ತು? ಆದರೂ ಅವಳು "ನಿಮ್ಮ ತಾಯಿ ಮನೆಗೆ ಹೋಗಿ, ಕರ್ತನು ನಿಮಗೆ ದಯೆ ತೋರಿಸಲಿ, ಇನ್ನೊಂದು ಮನೆ ಕಟ್ಟಿಕೊಳ್ಳಿ" ಅನ್ನೋ ಅರ್ಥದಲ್ಲಿ ಆಶೀರ್ವಾದ ಮಾಡಿ ಕಳಿಸ್ತಾಳೆ. "ನಿಮ್ಮಿಂದಲೇ ನನ್ನ ಮಗ ಹೋದ" ಅನ್ನಲಿಲ್ಲ. "ಈ ವಯಸ್ಸಲ್ಲಿ ನನ್ನನ್ನ ಯಾರು ನೋಡ್ಕೋತಾರೆ" ಅಂತ ಅಳುತ್ತಾ ಕಟ್ಟಿಹಾಕಲಿಲ್ಲ. ಒರ್ಫಾ ಮುದ್ದಿಟ್ಟು ಹೋದಳು. ಅವಳನ್ನ ಬೈಬಲ್ ಒಂದು ಮಾತೂ ಬೈಯಲ್ಲ, ನೋಡಿ!

ರೂತಳು ಉಳಿದಳು. ಇಲ್ಲಿ 14ನೇ ವಚನದಲ್ಲಿ ರೂತಳು ಅತ್ತೆಗೆ ಅಂಟಿಕೊಂಡಳು ಅನ್ನೋದಕ್ಕೆ ಹೀಬ್ರೂ ಮೂಲದಲ್ಲಿರೋ ಪದ "ದಾಬಕ್". ಗಂಡ ಹೆಂಡತಿಗೆ ಅಂಟಿಕೊಳ್ಳಬೇಕು ಅಂತ ಆದಿಕಾಂಡ 2:24 ಹೇಳುವಾಗಲೂ ಅದೇ ಪದ. ಹಲ್ಲೆಲೂಯಾ! ಇಷ್ಟು ಗಟ್ಟಿಯಾದ ಬಂಧ ಅತ್ತೆ ಸೊಸೆ ನಡುವೆ ಹೇಗೆ ಬಂತು? ಬಾಗಿಲು ಹಾಕಿದ್ದರಿಂದ ಅಲ್ಲ, ತೆರೆದಿದ್ದರಿಂದ. ಹೋಗೋ ಸ್ವಾತಂತ್ರ್ಯ ಇದ್ದೂ ಅವಳು ಉಳಿದಳು, ಅದಕ್ಕೇ ಅದು ಪ್ರೀತಿ. ಹೋಗೋಕೆ ದಾರಿಯಿಲ್ಲದೆ ಉಳಿದಿದ್ದರೆ? ಅದು ಬರೀ ಸಹನೆ. ಕೊನೆಗೆ 4ನೇ ಅಧ್ಯಾಯದಲ್ಲಿ ಊರಿನ ಹೆಂಗಸರೇ ನೊವೊಮಿಗೆ, ಈ ಸೊಸೆ ಏಳು ಗಂಡುಮಕ್ಕಳಿಗಿಂತ ಮೇಲು ಅನ್ನೋ ಸಾಕ್ಷಿ ಕೊಡ್ತಾರೆ.

ನಮ್ಮ ಹಿರಿಯರಿಗೂ ಒಂದು ಮಾತು ನೆನಪಿಸಬಹುದು, ಗೌರವದಿಂದ. ಈ ಭಾಗದಲ್ಲಿ ಎಷ್ಟೋ ಅತ್ತೆ–ಮಾವಂದಿರು ಫ್ಯಾಕ್ಟರಿ ಕೆಲಸಕ್ಕೆ ಬಂದವರು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, ಆಮೇಲೆ ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆ ಬಂತು. ಕೋಲಾರ, ತುಮಕೂರು, ಮಂಡ್ಯ ಕಡೆಯ ಹಳ್ಳಿಗಳಿಂದ ಜನ ಅಪ್ಪ ಅಮ್ಮನನ್ನ ಊರಲ್ಲಿ ಬಿಟ್ಟು, ಕ್ವಾರ್ಟರ್ಸಲ್ಲೋ ವಠಾರದಲ್ಲೋ ಗಂಡ ಹೆಂಡತಿ ಇಬ್ಬರೇ ಸಂಸಾರ ಶುರು ಮಾಡಿದರು. ಹಬ್ಬಕ್ಕೆ ಬಸ್ ಹತ್ತಿ ಊರಿಗೆ ಹೋದರು, ತಿಂಗಳು ತಿಂಗಳು ಮನಿಯಾರ್ಡರ್ ಕಳಿಸಿದರು. ಅವರು ಪ್ರೀತಿ ಇಲ್ಲದವರಾ? ಅಲ್ಲ. ದೂರ ಇದ್ದೂ ತಂದೆತಾಯಿಯನ್ನ ಗೌರವಿಸಬಹುದು ಅಂತ ಅವರೇ ಬಾಳಿ ತೋರಿಸಿದ್ದಾರೆ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಅಂತಾರೆ. ವಿಶ್ವಾಸಿಗಳ ಮನೆಯಲ್ಲಿ ಎರಡಕ್ಕೂ ಒಂದೇ ಕಾಲ, ಅದು ಕೃಪೆಯ ಕಾಲ.

3. ಒಳ್ಳೆಯ ಮಾವ, ಒಳ್ಳೆಯ ಅಳಿಯ

ವಿಮೋಚನಕಾಂಡ 18. ಮೋಶೆಯ ಮಾವ ಇತ್ರೋ ಬರ್ತಾನೆ. ಮೋಶೆ ಎದ್ದು ಹೋಗಿ, ಬಗ್ಗಿ ನಮಸ್ಕರಿಸಿ, ಮುದ್ದಿಟ್ಟು ಗುಡಾರದೊಳಗೆ ಕರ್ಕೊಂಡು ಬರ್ತಾನೆ. ಫರೋಹನ ಮುಂದೆ ನಿಂತ ಮೋಶೆ! ಮಾರನೇ ದಿನ ಮಾವ ಅಳಿಯನ ಕೆಲಸ ನೋಡ್ತಾನೆ, ಮೊದಲು ಪ್ರಶ್ನೆ ಕೇಳ್ತಾನೆ, ಆಮೇಲೆ ಸಲಹೆ ಕೊಡ್ತಾನೆ. ದೇವರು ಹಾಗೆ ಅಪ್ಪಣೆ ಕೊಟ್ಟರೆ ಮಾಡು ಅನ್ನೋ ಹಾಗೆ, ದೇವರಿಗೆ ಜಾಗ ಬಿಟ್ಟು ಹೇಳ್ತಾನೆ. ಅಳಿಯ ಕೇಳ್ತಾನೆ. 27ನೇ ವಚನದಲ್ಲಿ ಮಾವ ತನ್ನ ದೇಶಕ್ಕೆ ಹೊರಡ್ತಾನೆ. ಸಲಹೆ ಕೊಟ್ಟು ಊರಿಗೆ ಹೊರಟ! ಪಾಲಿಸಿದ್ರಾ ಅಂತ ದಿನಾ ಫೋನ್ ಮಾಡಲಿಲ್ಲ.

ಇನ್ನು ಮಾರ್ಕ 1:29. ಸೀಮೋನ, ಅಂದ್ರೆಯ – ಅಣ್ಣ ತಮ್ಮ ಇಬ್ಬರದ್ದೂ ಆ ಮನೆ. ಅಲ್ಲಿ ಜ್ವರದಲ್ಲಿ ಮಲಗಿರೋದು ಸೀಮೋನನ ಹೆಂಡತಿಯ ತಾಯಿ. "ಅಳಿಯನ ಮನೆಯಲ್ಲಿ ಎಷ್ಟು ದಿನ ಇರೋದು" ಅಂತ ನಮ್ಮಲ್ಲಿ ಹೆಣ್ಣಿನ ತಂದೆತಾಯಿ ಕಾಫಿ ಕುಡಿದು ಎದ್ದು ಬಿಡ್ತಾರೆ. ಪೇತ್ರನ ಮನೆಯಲ್ಲಿ ಅತ್ತೆಗೆ ಹಾಸಿಗೆ ಇತ್ತು. ತಮ್ಮಂದಿರೇ, ನಿಮ್ಮ ಮನೆಯಲ್ಲಿ ಇದೆಯಾ?

4. ಸಹಿಸಬಾರದ್ದು

ಇಲ್ಲಿ ಸ್ವಲ್ಪ ಗಂಭೀರವಾಗಿ ಕೇಳಿ. "ಶಿಲುಬೆ ಹೊರು, ಪ್ರಾರ್ಥನೆ ಮಾಡು, ಹೊಂದ್ಕೊಂಡು ಹೋಗು" ಅಂತ ಹೊಡೆತ ತಿನ್ನುತ್ತಿರೋ ಹೆಣ್ಣುಮಗಳಿಗೆ ಹೇಳಿ ಕಳಿಸೋದು ದೇವರ ಸಲಹೆ ಅಲ್ಲ. ವರದಕ್ಷಿಣೆ ಕೊಡೋದೂ ತಗೊಳ್ಳೋದೂ 1961ರ ಕಾಯ್ದೆ ಪ್ರಕಾರ ಅಪರಾಧ. "ಗಿಫ್ಟ್" ಅಂತ ಹೆಸರಿಟ್ಟು ಒತ್ತಾಯದಿಂದ ಕೇಳಿದರೂ ಅದು ವರದಕ್ಷಿಣೆಯೇ. ಮನೆಯೊಳಗಿನ ಹಿಂಸೆಯಿಂದ ರಕ್ಷಣೆಗೆ 2005ರ ಕಾಯ್ದೆ ಇದೆ. ಹೊಡೆತ ಮಾತ್ರ ಅಲ್ಲ, ನಿಂದಿಸೋದು, ಹಣ ತಡೆಯೋದು ಕೂಡ ಅದರಲ್ಲಿ ಬರುತ್ತೆ. ಹಾಗೆಯೇ ತಂದೆತಾಯಿಯನ್ನ ನೋಡಿಕೊಳ್ಳದ ಮಕ್ಕಳ ವಿರುದ್ಧ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ.

ಈ ಎರಡು ಕಾಯ್ದೆಗಳು ಒಂದೇ ಮನೆಯಲ್ಲಿ ಎದುರುಬದುರು ನಿಂತ ಕೇಸು ನಮ್ಮ ಬೆಂಗಳೂರು ಉತ್ತರದ್ದೇ. ಮಗ–ಸೊಸೆ ನಡುವೆ ಮದುವೆ ಮುರಿದಿತ್ತು. ಸೊಸೆ ಮತ್ತು ಮೊಮ್ಮಗಳನ್ನ ಮನೆಯಿಂದ ಹೊರಗೆ ಹಾಕಬೇಕು ಅಂತ ಅತ್ತೆ–ಮಾವ 2007ರ ಕಾಯ್ದೆಯಡಿ ಅರ್ಜಿ ಹಾಕಿದರು, ಆದೇಶವೂ ಸಿಕ್ಕಿತು. ಸುಪ್ರೀಂ ಕೋರ್ಟ್ ತನಕ ಹೋಯ್ತು. 2020ರ ಡಿಸೆಂಬರ್ 15ರಂದು ಕೋರ್ಟ್, ಹಿರಿಯರನ್ನ ಕಾಪಾಡೋ ಕಾಯ್ದೆಯನ್ನ ಹಿಡಿದು, ಹೆಣ್ಣಿಗೆ ಸಂಸಾರದ ಮನೆಯಲ್ಲಿ ವಾಸಿಸೋಕೆ ಇರೋ ಹಕ್ಕನ್ನ ಇಲ್ಲದಂತೆ ಮಾಡೋಕಾಗಲ್ಲ, ಎರಡನ್ನೂ ಹೊಂದಿಸಿ ಓದಬೇಕು ಅಂತ ಹೇಳಿತು.

ಕಾನೂನು ಒಬ್ಬರನ್ನ ಮನೆಯಲ್ಲಿ ಉಳಿಸಬಹುದು. ಒಂದೇ ಪಂಕ್ತಿಯಲ್ಲಿ ಕೂರಿಸೋಕೆ ಆಗಲ್ಲ. ಅದು ನಮ್ಮ ಹೊಣೆ. ಆದರೆ ಪ್ರಾಣಕ್ಕೆ, ಮಾನಕ್ಕೆ ಅಪಾಯ ಇದ್ದಾಗ ಕಾನೂನಿನ ಸಹಾಯ ತಗೊಳ್ಳೋದು ಅವಿಶ್ವಾಸ ಅಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಹಿರಿಯರಿಗೆ 14567. ಫೋನಲ್ಲಿ ಈಗಲೇ ಸೇವ್ ಮಾಡ್ಕೊಳ್ಳಿ.

5. ಹಾಗಾದ್ರೆ, ಬೇರೆ ಮನೆ?

ಚೀಟಿ ಬರೆದ ಸಹೋದರಿಗೆ ನೇರವಾದ ಉತ್ತರ: ಇಲ್ಲ, ಪಾಪ ಅಲ್ಲ. ಒಟ್ಟಿಗೆ ಇರೋದೂ ತಾನಾಗಿಯೇ ಪುಣ್ಯ ಅಲ್ಲ. ಹೇಗೆ ಇರ್ತೀರಿ, ಹೇಗೆ ಹೋಗ್ತೀರಿ ಅನ್ನೋದನ್ನ ದೇವರು ನೋಡ್ತಾರೆ.

ಹೋಗೋದಾದ್ರೆ ಕೋಪದಲ್ಲಿ ಹೋಗಬೇಡಿ. ಅಡ್ವಾನ್ಸ್ ಕೊಟ್ಟ ಮೇಲೆ ವಾಟ್ಸಾಪಲ್ಲಿ ತಿಳಿಸಬೇಡಿ. ಮಗನೇ ಕೂತು, ಮುಖ ನೋಡಿ, "ಇದು ನಮ್ಮಿಬ್ಬರ ತೀರ್ಮಾನ" ಅಂತ ಹೇಳಲಿ. "ಅವಳಿಗೆ ಬೇಕಂತೆ" ಅಂತ ಹೇಳಿದ ದಿನವೇ ನೀವು ಹೆಂಡತಿಯನ್ನ ಮಾರಿಬಿಟ್ಟಿರಿ. ಆದಷ್ಟು ಹತ್ತಿರ ಮನೆ ನೋಡಿ; ಆರ್‌ಟಿ ನಗರದಲ್ಲಿ ಅಪ್ಪ ಅಮ್ಮ ಇದ್ರೆ ಗಂಗಾನಗರದಲ್ಲಿ ಹುಡುಕಿ. ತಿಂಗಳಿಗೆ ಎಷ್ಟು ಕೊಡ್ತೀರಿ, ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗ್ತೀರಿ, ಹೋಗೋ ಮುಂಚೆ ಮಾತಾಡಿ. ಮಾರ್ಕ 7ರಲ್ಲಿ ಯೇಸು, "ಕೊರ್ಬಾನ್" ಅಂತ ಹೇಳಿ ತಂದೆತಾಯಿಗೆ ಕೊಡಬೇಕಾದ್ದನ್ನ ತಪ್ಪಿಸ್ಕೊಂಡವರನ್ನ ಗದರಿಸ್ತಾನೆ. ಬಿಟ್ಟು ಹೋಗೋ ವಾಕ್ಯವನ್ನೇ ನಮ್ಮ ಕೊರ್ಬಾನ್ ಮಾಡ್ಕೋಬಾರದು.

ಇರೋದಾದ್ರೆ ಗೊಣಗುತ್ತಾ ಇರಬೇಡಿ. ಆ ಮನೆಯಲ್ಲಿ ನೀವೊಬ್ಬರೇ ವಿಶ್ವಾಸಿ ಆಗಿದ್ರೆ, ನಿಮ್ಮ ಮನಸ್ಸಾಕ್ಷಿ ಒಪ್ಪದ್ದನ್ನ ಹಬ್ಬದ ದಿನ ಎಲ್ಲರ ಮುಂದೆ ಅಲ್ಲ, ಮುಂಚೆಯೇ ಅತ್ತೆ ಹತ್ತಿರ ಮೆಲ್ಲಗೆ ಹೇಳಿ. ಆದರೆ ಮನೆ ಕ್ಲೀನ್ ಮಾಡೋದಕ್ಕೆ, ನೆಂಟರಿಗೆ ಬಡಿಸೋದಕ್ಕೆ ಮೊದಲು ನಿಲ್ಲಿ. ಮಾವನಿಗೆ ಶುಗರ್ ಮಾತ್ರೆ ತಂದುಕೊಡೋ ಕೈ, ನೂರು ಸಂದೇಶಕ್ಕಿಂತ ಜೋರಾಗಿ ಮಾತಾಡುತ್ತೆ.

ಸೆಲ್ ಗುಂಪಿನಲ್ಲಿ ಮಾತಾಡಿ

• ನಮ್ಮ ಮನೆಯಲ್ಲಿ ದೊಡ್ಡ ನಿರ್ಧಾರ ಮೊದಲು ಎಲ್ಲಿ ಆಗುತ್ತೆ?
• ನಾನು "ಟಿವಿ ವಾಲ್ಯೂಮ್ ಜಾಸ್ತಿ ಮಾಡಿದ" ಸಂದರ್ಭ ಯಾವುದು?
• ನೊವೊಮಿಯ ಹಾಗೆ ನಾನು ಯಾರಿಗೆ ಬಾಗಿಲು ತೆರೆಯಬೇಕು?
• ಈ ವಾರ ಅತ್ತೆಗೋ ಮಾವನಿಗೋ ಕೇಳಿ: "ನೀವು ಮದುವೆಯಾದ ಹೊಸದರಲ್ಲಿ ಹೇಗಿತ್ತು?" ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸ್ಕೊಳ್ಳಿ.

ಪ್ರಾರ್ಥಿಸೋಣ

ತಂದೆಯೇ, ನಮ್ಮ ಅಡುಗೆ ಮನೆಗಳನ್ನ ನೀನು ಬಲ್ಲೆ. ಬಾಗಿಲು ಹಾಕ್ಕೊಂಡು ಅತ್ತವರನ್ನ ನೀನು ನೋಡಿದ್ದೀ. ಸುಮ್ಮನಿದ್ದ ಗಂಡಂದಿರನ್ನ ಕ್ಷಮಿಸು, ಮಾತಾಡೋ ಧೈರ್ಯ ಕೊಡು. ವಯಸ್ಸಾದ ನಮ್ಮ ಅತ್ತೆ–ಮಾವಂದಿರ ಒಂಟಿತನದ ಭಯ ತೆಗೆದುಹಾಕು. ಇದ್ದರೂ ಹೋದರೂ ನಮ್ಮ ಮನೆಗಳ ಬಾಗಿಲು ಒಬ್ಬರಿಗೊಬ್ಬರು ತೆರೆದಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.