ಪರದೇಶದ ಗ್ರಂಥಾಲಯದಲ್ಲಿ ಲೇಖಕರ ಮಾತು ಕೇಳಲು ಹೊರಟವರಿಗೆ

ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ಅಮೆರಿಕ, ಇಂಗ್ಲೆಂಡಿಗೆ ಹೋಗಿ ತಿಂಗಳುಗಟ್ಟಲೆ ಉಳಿಯುವ ಅಪ್ಪ ಅಮ್ಮಂದಿರು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯೂ ಇದ್ದಾರೆ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಅವರಿಗೆ ಹೊತ್ತು ಹೋಗುವುದಿಲ್ಲ. ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಂಥ ಊರಿನಿಂದ ಹೋದ ಓದುಗರಿಗೂ ಅಲ್ಲಿ ಧೈರ್ಯವಾಗಿ ಹೋಗಬಹುದಾದ ಜಾಗವೊಂದಿದೆ: ಬಡಾವಣೆಯ ಸಾರ್ವಜನಿಕ ಗ್ರಂಥಾಲಯ. ಅಲ್ಲಿ ಲೇಖಕರು ಬಂದು ಓದುಗರೊಡನೆ ಮಾತಾಡುತ್ತಾರೆ. ಇಂಥ ಕಾರ್ಯಕ್ರಮಗಳು ಬಹುಪಾಲು ಉಚಿತ, ಸಾಮಾನ್ಯವಾಗಿ ಸದಸ್ಯತ್ವವೂ ಬೇಕಿಲ್ಲ.

ಕನ್ನಡಿಗರು ಹೋಗಲು ಈಗ ಇನ್ನೊಂದು ಕಾರಣವೂ ಇದೆ. 2025ರ ಮೇ 20ರಂದು ಲಂಡನ್ನಿನಲ್ಲಿ ಕನ್ನಡದ ಲೇಖಕಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಈ ಪ್ರಶಸ್ತಿ ಗೆದ್ದ ಮೊದಲ ಕಥಾಸಂಕಲನ ಅದು. 50,000 ಪೌಂಡ್ ಬಹುಮಾನವನ್ನು ಬಾನು ಮತ್ತು ಅನುವಾದಕಿ ದೀಪಾ ಭಾಸ್ತಿ ಸಮನಾಗಿ ಹಂಚಿಕೊಂಡರು. ಆ ಪುಸ್ತಕ ಓದಿದ ಹೊರದೇಶದವರ ಪಕ್ಕದಲ್ಲಿ ಕೂರುವ ಅವಕಾಶ ಈಗ ಕನ್ನಡದ ಓದುಗರಿಗಿದೆ.

1. ಹುಡುಕುವುದು

ಗ್ರಂಥಾಲಯದ ಜಾಲತಾಣದಲ್ಲಿ ‘ಈವೆಂಟ್ಸ್’ ಪುಟ ತೆರೆದು ‘ಆಥರ್ ಟಾಕ್’ ಎಂದು ಹುಡುಕಬೇಕು. ನ್ಯೂಯಾರ್ಕ್ ನಗರದಲ್ಲಿ ಒಂದಲ್ಲ, ಮೂರು ಪ್ರತ್ಯೇಕ ಗ್ರಂಥಾಲಯ ವ್ಯವಸ್ಥೆಗಳಿವೆ: ನ್ಯೂಯಾರ್ಕ್, ಬ್ರೂಕ್ಲಿನ್, ಕ್ವೀನ್ಸ್. ಮೂರರ ಪಟ್ಟಿಯನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

2. ಹೆಸರು ನೋಂದಾಯಿಸುವುದು

ಉಚಿತವಾದರೂ ಕುರ್ಚಿಗಳು ಸೀಮಿತ. ಮುಂಚೆಯೇ ನೋಂದಾಯಿಸಿ, ಬಂದ ಇ–ಮೇಲ್ ಅನ್ನು ಫೋನಿನಲ್ಲಿ ಇಟ್ಟುಕೊಳ್ಳಬೇಕು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಹಲವು ಕಾರ್ಯಕ್ರಮಗಳಿಗೆ ಟಿಕೆಟ್ ಇರುತ್ತದೆ. ದಿನಾಂಕದ ಬಗ್ಗೆ ಎಚ್ಚರ ಬೇಕು: 05/06 ಎಂದರೆ ಅಮೆರಿಕದಲ್ಲಿ ಮೇ 6, ಇಂಗ್ಲೆಂಡಿನಲ್ಲಿ ಜೂನ್ 5.

3. ಓದಿಕೊಂಡು ಹೋಗುವುದು

ಲೇಖಕರ ಒಂದು ಪುಸ್ತಕವನ್ನಾದರೂ ತಿರುವಿ ಹಾಕಿದ್ದರೆ ಮಾತು ಹಿಡಿತಕ್ಕೆ ಸಿಗುತ್ತದೆ. ಮಗನ ಅಥವಾ ಮಗಳ ಕಾರ್ಡಿನಲ್ಲಿ ಪುಸ್ತಕ ತರಿಸಬಹುದು, ಕಾರ್ಡಿಲ್ಲದೆ ಅಲ್ಲೇ ಕೂತು ಓದಲೂಬಹುದು. ಶ್ರೀನಾಥ್ ಪೇರೂರು ಇಂಗ್ಲಿಷಿಗೆ ತಂದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದೆಯೇ ಎಂದು ಕೌಂಟರಿನಲ್ಲಿ ಕೇಳಿದರೆ ಸಿಬ್ಬಂದಿಯ ಪರಿಚಯವೂ ಆಗುತ್ತದೆ.

4. ಆ ದಿನ

ಕಾಲು ಗಂಟೆ ಮುಂಚೆ ತಲುಪಿ ಮುಂದಿನ ಸಾಲುಗಳಲ್ಲಿ ಕೂರುವುದು ಒಳ್ಳೆಯದು. ಅಲ್ಲಿನ ಉಚ್ಚಾರಣೆಗೆ ಕಿವಿ ಒಗ್ಗಲು ಇದು ನೆರವಾಗುತ್ತದೆ. ಸಾಮಾನ್ಯವಾಗಿ ಮೊದಲು ಲೇಖಕರ ಪರಿಚಯ, ಆಮೇಲೆ ಪುಸ್ತಕದ ಒಂದು ಭಾಗದ ಓದು, ಸಂವಾದ, ಸಭಿಕರ ಪ್ರಶ್ನೆ, ಕೊನೆಗೆ ಹಸ್ತಾಕ್ಷರ. ಕಿವಿ ಮಂದವಿರುವವರು ನೋಂದಾಯಿಸುವಾಗಲೇ ತಿಳಿಸಿದರೆ ಏನು ಸೌಲಭ್ಯವಿದೆ ಎಂದು ಹೇಳುತ್ತಾರೆ.

5. ಪ್ರಶ್ನೆ ಕೇಳುವುದು

ಹೆಚ್ಚಿನವರು ಹಿಂಜರಿಯುವುದು ಇಲ್ಲೇ. ಪ್ರಶ್ನೆಯನ್ನು ಮನೆಯಲ್ಲೇ ಕನ್ನಡದಲ್ಲಿ ಬರೆದುಕೊಂಡು, ಎರಡೇ ವಾಕ್ಯದ ಇಂಗ್ಲಿಷಿಗೆ ಇಳಿಸಿ, ಚೀಟಿ ನೋಡಿಕೊಂಡೇ ಓದಬಹುದು. ಯಾರೂ ತಪ್ಪು ತಿಳಿಯುವುದಿಲ್ಲ. ಹೆಸರು, ಊರು ಹೇಳಿ ಒಂದೇ ಪ್ರಶ್ನೆ ಕೇಳಬೇಕು. ‘ಈ ಪಾತ್ರ ಊರು ಬಿಟ್ಟಿದ್ದೇಕೆ?’ ಎಂಬಂಥ ಪುಸ್ತಕದೊಳಗಿನ ಪ್ರಶ್ನೆಗೆ ಲೇಖಕರು ಮನಸಾರೆ ಉತ್ತರಿಸುತ್ತಾರೆ.

6. ಹಸ್ತಾಕ್ಷರ

ಪುಸ್ತಕ ಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಕೊಂಡವರು ತಮ್ಮ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಚೀಟಿಯಲ್ಲಿ ಬರೆದುಕೊಟ್ಟರೆ ಲೇಖಕರು ಅದನ್ನು ತಪ್ಪಿಲ್ಲದೆ ಬರೆಯುತ್ತಾರೆ.

ಇಂಗ್ಲಿಷ್ ಕಷ್ಟವೆನ್ನುವವರಿಗೆ ಅಮೆರಿಕದಲ್ಲೇ ಕನ್ನಡದ ವೇದಿಕೆಯೂ ಇದೆ. ಅಲ್ಲಿನ ಕನ್ನಡ ಸಾಹಿತ್ಯ ರಂಗ ನಡೆಸುವ ವಸಂತ ಸಾಹಿತ್ಯೋತ್ಸವಕ್ಕೆ ಕರ್ನಾಟಕದ ಸಾಹಿತಿಗಳು ಅತಿಥಿಗಳಾಗಿ ಹೋಗುತ್ತಾರೆ.

ಊರಿಗೆ ಮರಳಿದ ಮೇಲೆ ಮಾಡಬೇಕಾದ ಕೆಲಸವೂ ಒಂದಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಇಲ್ಲಿನವರೂ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತಾರೆ. ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಲೇಖಕರಿಗೂ ಬರವಿಲ್ಲ; ಬರಗೂರು ರಾಮಚಂದ್ರಪ್ಪನವರ ಹುಟ್ಟೂರು ಬರಗೂರು ಇರುವುದು ಇದೇ ಶಿರಾ ತಾಲ್ಲೂಕಿನಲ್ಲಿ. ನಾಲ್ಕು ಜನ ಓದುಗರು ಸೇರಿ ಪಿಡಿಒ ಮತ್ತು ಗ್ರಂಥಾಲಯ ಮೇಲ್ವಿಚಾರಕರಿಗೆ ಮನವಿ ಕೊಟ್ಟು, ಭಾನುವಾರದ ಒಂದು ಸಂಜೆಗೆ ಲೇಖಕರೊಬ್ಬರನ್ನು ಕರೆಸಬಹುದು. ಅವರ ಪುಸ್ತಕದ ಐದಾರು ಪ್ರತಿಗಳನ್ನು ಒಂದು ತಿಂಗಳು ಮುಂಚೆಯೇ ತರಿಸಿ ಓದಲು ಹಂಚಿದರೆ, ಆ ಸಂಜೆ ಪ್ರಶ್ನೆ ಕೇಳುವವರೂ ಸಿದ್ಧರಾಗಿರುತ್ತಾರೆ.