ಸಿಂಗಳೀಕಕ್ಕಿಂತ ಮೊದಲು ನೀರು

ವನ್ಯಜೀವಿಗಳನ್ನು ಉಳಿಸಬೇಕೆಂದು ಸಿದ್ದಾಪುರ, ಹೊನ್ನಾವರದ ಘಟ್ಟಕ್ಕೆ ಬರುವ ಮಕ್ಕಳೇ, ನಿಮ್ಮನ್ನು ಕಂಡರೆ ನನಗೆ ಧೈರ್ಯ ಬರುತ್ತದೆ. ನಮ್ಮ ಕಾಲದಲ್ಲಿ ಕಾಡೆಂದರೆ ನಾಟಾ, ಸೊಪ್ಪು, ಕಟ್ಟಿಗೆ. ನೀವು ಅಲ್ಲಿ ಜೀವ ಕಾಣುತ್ತೀರಿ. ಆದರೆ ಬಂದವರೆಲ್ಲ ತಲೆ ಎತ್ತಿಕೊಂಡೇ ನಡೆಯುತ್ತೀರಿ, ಸಿಂಗಳೀಕ ಎಲ್ಲಿ, ಮಂಗಟ್ಟೆ ಎಲ್ಲಿ ಅಂತ. ಕಾಲಬುಡವನ್ನೂ ಸ್ವಲ್ಪ ನೋಡಿ.

ಇಲ್ಲಿನ ಕತ್ತಲೆಕಾನು ಎಂಬ ಕಾಡಿನಲ್ಲಿ ಹಳ್ಳ ಹುಟ್ಟುವ ತಗ್ಗುಗಳಿವೆ. ವರ್ಷವಿಡೀ ನೀರು ಜಿನುಗುವ ಕೆಸರು ನೆಲ. ಅದೇ ರಾಮಪತ್ರೆ ಜಡ್ಡಿ. ಅಲ್ಲಿ ರಾಮಪತ್ರೆ ಬಳಗದ ಮರಗಳ ಬೇರು ಕೆಸರಿನಿಂದ ಮೇಲೆದ್ದು, ಮಡಚಿದ ಮೊಣಕಾಲಿನ ಹಾಗೆ ಬಾಗಿ ಮತ್ತೆ ನೆಲಕ್ಕಿಳಿಯುತ್ತದೆ. ಕೆಸರಿನೊಳಗೆ ಗಾಳಿಯಿಲ್ಲ, ಆದ್ದರಿಂದ ಬೇರೇ ಹೊರಬಂದು ಉಸಿರಾಡುತ್ತದೆ. ಹೂಬಿಡುವ ಮರಗಳಲ್ಲೇ ಬಲು ಹಳೆಯ ವಂಶ ಇದು. ಒಣನೆಲದಲ್ಲಿ ನೆಟ್ಟು ಸಾಕುತ್ತೇವೆಂದರೆ ಆಗದು. ಇದೇ ಕಾನಿನಲ್ಲಿ 2000ದಲ್ಲಿ ಗೇರಿನ ಬಳಗಕ್ಕೆ ಸೇರಿದ ಹೊಸ ಜಾತಿಯ ಮರವೊಂದು ವಿಜ್ಞಾನಿಗಳ ಕಣ್ಣಿಗೆ ಬಿತ್ತು. ಕಾನಿನ ಹೆಸರನ್ನೇ ಅದಕ್ಕಿಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ದೊಡ್ಡ ಮರ. ಆದರೂ ಅಷ್ಟು ದಿನ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಈಗಲೂ ಅವು ಬೆರಳೆಣಿಕೆಯ ಜಡ್ಡಿಗಳಲ್ಲಿ ಮಾತ್ರ ಉಳಿದಿವೆ.

ಈ ಜಡ್ಡಿಯ ಹಣ್ಣು ಸಿಂಗಳೀಕಕ್ಕೆ ಊಟ, ಮಂಗಟ್ಟೆಗೂ ಊಟ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುವಾಗ ಗಂಡು ಹೊತ್ತು ತರುವುದು ಇಂಥ ಹಣ್ಣನ್ನೇ. ಬೀಜವನ್ನು ದೂರಕ್ಕೆ ಒಯ್ದು ಹಾಕುವುದೂ ಅವೇ. ರಾಮಪತ್ರೆಗೆ ಪೇಟೆಯಲ್ಲಿ ಒಳ್ಳೆಯ ಬೆಲೆ ಬಂದ ಮೇಲೆ ಹಣ್ಣು ಬಿರಿಯುವ ಮೊದಲೇ ಮರ ಬೋಳಾಗುತ್ತದೆ. ಕೊಯ್ಯಬೇಡಿ ಎಂದು ಬಡವರಿಗೆ ಹೇಳುವ ಹಕ್ಕು ನಮಗಿಲ್ಲ. ತುದಿಯ ಕೊಂಬೆಗಳ ಹಣ್ಣನ್ನು ಬಿಟ್ಟು ಕೊಯ್ಯಿರಿ ಎಂದು ಕೂತು ಮಾತಾಡಬಹುದು. ಇನ್ನೊಂದು ವಿಷಯ, ಇದನ್ನು ಊರಿನವರೂ ಮರೆಯುತ್ತಾರೆ: ರಾಮಪತ್ರೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡದ ಮರವನ್ನು ಗೊಡ್ಡೆಂದು ಕಡಿದರೆ ಪಕ್ಕದ ಹೆಣ್ಣು ಮರವೂ ಬರಡಾಗುತ್ತದೆ. ನೂರು ಮರ ಉಳಿದಿವೆ ಎಂಬ ಲೆಕ್ಕ ಕೇಳಿದಾಗ, ಅದರಲ್ಲಿ ಗಂಡೆಷ್ಟು, ಹೆಣ್ಣೆಷ್ಟು, ಒಂದಕ್ಕೊಂದು ಎಷ್ಟು ದೂರ ಎಂದು ಕೇಳುವುದನ್ನು ಕಲಿಯಿರಿ.

ಸರ್ಕಾರ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಿಸಿತು. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಸೇರಿತು. ಅದು ದೊಡ್ಡ ಕೆಲಸ, ಅದಕ್ಕೆ ದುಡಿದವರಿಗೆ ನಾವು ಋಣಿಗಳು. ಆದರೆ ನಕ್ಷೆಯ ಗೆರೆ ನೀರನ್ನು ಹಿಡಿದಿಡುವುದಿಲ್ಲ. ಜಡ್ಡಿಯ ಮೇಲ್ಗಡೆ ಯಾರೋ ಪೈಪು ಹಾಕುತ್ತಾರೆ, ಯಾರೋ ಜೇಸಿಬಿ ತಂದು ನೀರು ಹರಿಯುವ ಕಾದಿಗೆಯನ್ನು ಆಳ ಮಾಡುತ್ತಾರೆ. ಒಂದು ಮರವನ್ನೂ ಕಡಿಯದೆ ಜಡ್ಡಿ ಒಣಗುತ್ತದೆ. ಮಳೆಯೂ ಈಗ ಮೊದಲಿನ ಹದದಲ್ಲಿಲ್ಲ. ಸುರಿದರೆ ಗುಡ್ಡ ಕುಸಿಯುವಷ್ಟು, ನಿಂತರೆ ಆಷಾಢದಲ್ಲೂ ಬಿಸಿಲು. ಒಣಗಿದಾಗ ಎದ್ದು ಹೋಗಲು ಮರಕ್ಕೆ ಕಾಲಿಲ್ಲ. ಅದರ ಬೀಜವಾದರೂ ಪಕ್ಕದ ತಗ್ಗಿಗೆ ಹೋಗೋಣವೆಂದರೆ ನಡುವೆ ರಸ್ತೆ, ತೋಟ, ಅಕೇಶಿಯ. ಸಿಂಗಳೀಕ ಮರದಿಂದ ಮರಕ್ಕೆ ದಾಟುವ ಪ್ರಾಣಿ. ಕೊಂಬೆ ಕೂಡದ ಕಡೆ ಅದರ ದಾರಿ ಮುಗಿಯುತ್ತದೆ. ಅದಕ್ಕೇ ಹೇಳುವುದು, ಎರಡು ಕಾನುಗಳ ನಡುವೆ ಇರುವ ಹತ್ತಾರು ಸಾದಾ ಮರಗಳನ್ನು ಕಾಯಿರಿ. ಫೋಟೋಗೆ ಅವು ಚೆಂದ ಕಾಣದಿದ್ದರೂ ಸರಿ.

ಹಾಗೆಯೇ ರಸ್ತೆಬದಿಗೆ ಬಂದ ಸಿಂಗಳೀಕಕ್ಕೆ ಬಾಳೆಹಣ್ಣು, ಬಿಸ್ಕತ್ತು ಕೊಡಬೇಡಿ. ಕೊಡುವವರನ್ನು ನಯವಾಗಿ ತಡೆಯಿರಿ.

ಗಿಡ ನೆಡುವ ಉತ್ಸಾಹದ ಬಗ್ಗೆ ಎರಡು ಮಾತು. ಜಡ್ಡಿಯ ಮರಗಳ ಬೀಜ ಭತ್ತದಂತೆ ಕಣಜದಲ್ಲಿ ಇಡುವಂಥದ್ದಲ್ಲ. ಒಣಗಿತೋ, ಸತ್ತಿತು. ಹಸಿ ಬೀಜ ಆರಿಸಿ, ಕೂಡಲೇ ಸಸಿ ಮಾಡಿ, ನೀರು ನಿಲ್ಲುವ ಜಾಗಕ್ಕೇ ಒಯ್ಯಬೇಕು. ಶಿರಸಿಯ ಅರಣ್ಯ ಕಾಲೇಜಿನವರು ಕತ್ತಲೆಕಾನಿನ ಆ ಅಪರೂಪದ ಮರಕ್ಕೆ ಈ ಕೆಲಸ ಮಾಡಿದ್ದಾರೆ. ಅವರ ಹತ್ತಿರ ಕಲಿಯಿರಿ. ಪರಿಸರ ದಿನಕ್ಕೆ ಸಾವಿರ ಗಿಡ ನೆಟ್ಟೆವೆಂದು ಬರೆದುಕೊಳ್ಳುವುದಕ್ಕಿಂತ, ನೆಟ್ಟ ಹತ್ತು ಸಸಿಯಲ್ಲಿ ಐದನೇ ವರ್ಷಕ್ಕೆ ಎಷ್ಟು ಬದುಕಿವೆ ಎಂದು ಬರೆದಿಡುವವರು ನಮಗೆ ಬೇಕು. ವರ್ಷಕ್ಕೊಂದು ಕಾಡು ಬದಲಿಸಬೇಡಿ. ಒಂದೇ ಹಳ್ಳಕ್ಕೆ ಅಂಟಿಕೊಳ್ಳಿ.

ನಮ್ಮೂರ ಅಡಿಕೆ ತೋಟದವರನ್ನು ಮಾತ್ರ ವೈರಿಯೆಂದು ತಿಳಿಯಬೇಡಿ. ಹಳ್ಳದ ನೀರಿಗೆ ನಾವೂ ಜಡ್ಡಿಯೂ ಒಟ್ಟಿಗೇ ಬಾಯಿಟ್ಟವರು. ಚೌಡಿ, ಜಟಗ ಎಂಬ ದೈವಗಳಿಗೆ ಹೆದರಿ ಕಾನನ್ನು ಮುಟ್ಟದೆ ಬಿಟ್ಟವರೂ ಇದೇ ಊರಿನವರೇ. ಮೇಲಿನ ಜಡ್ಡಿ ಹಸಿಯಾಗಿದ್ದರೆ ಕೆಳಗಿನ ತೋಟಕ್ಕೆ ಬೇಸಿಗೆಯಲ್ಲೂ ನೀರು ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅದನ್ನು ಅವರ ಬಾಯಿಂದಲೇ ಹೇಳಿಸಿ.

ಮಾರ್ಚಿನಲ್ಲಿ ಬನ್ನಿ, ಹಳ್ಳ ಸಣ್ಣಗಾಗಿರುವಾಗ. ಕ್ಯಾಮೆರಾ ಇರಲಿ, ಜೊತೆಗೆ ಒಂದು ಪಟ್ಟಿ ಪುಸ್ತಕವನ್ನೂ ತನ್ನಿ. ಹಳ್ಳ ಹುಟ್ಟುವಲ್ಲಿಂದ ಕೆಳಗಿನ ತೋಟದವರೆಗೆ ನಡೆದು, ಎಲ್ಲಿ ಪೈಪು ಇಳಿದಿದೆ, ಎಲ್ಲಿ ಕೆಸರು ಬಿರುಕುಬಿಟ್ಟಿದೆ, ಯಾವ ಮರದಡಿ ಸಸಿ ಎದ್ದಿದೆ ಎಂದು ಬರೆದುಕೊಳ್ಳಿ. ಪೈಪು ಹಾಕಿದವರ ಮನೆಗೆ ನಾನೇ ಕರೆದುಕೊಂಡು ಹೋಗುತ್ತೇನೆ.